ಬೊಗಸೆಯೊಳಗಿನ ಮೈಕು

ಶಿಕಾಗೋದಲ್ಲಿ 1952ರ ಮೇ 12ರಂದು ಧ್ವನಿಮುದ್ರಣಗೊಂಡ ‘ಜ್ಯೂಕ್’ ಎಂಬ ಹಾಡಿಲ್ಲದ ತುಣುಕನ್ನು ಮೊದಲ ಸಲ ಕೇಳಿದವರಿಗೆ, ಅದು ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಮೌತ್ ಆರ್ಗನ್‌ನ ನಾದವೆಂದು ನಂಬುವುದು ಕಷ್ಟ. ಸ್ಯಾಕ್ಸೊಫೋನಿನಂತೆ ತುಂಬಿಕೊಂಡ, ಒಂದಿಷ್ಟು ಗೊಗ್ಗರು ಬೆರೆತ ದನಿ ಅದು. ನುಡಿಸಿದವರು ಲೂಸಿಯಾನದಿಂದ ಬಂದಿದ್ದ ತರುಣ ಲಿಟಲ್ ವಾಲ್ಟರ್. ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ‘ಜ್ಯೂಕ್’ ಎಂಟು ವಾರ ಮೊದಲ ಸ್ಥಾನದಲ್ಲಿತ್ತು.

ಆ ದನಿಯ ಹಿಂದೆ ಒಂದು ಅನಿವಾರ್ಯತೆಯಿತ್ತು. ದಕ್ಷಿಣದ ಹತ್ತಿಹೊಲಗಳನ್ನು ಬಿಟ್ಟು ಶಿಕಾಗೋ ಸೇರಿದ ಕಪ್ಪು ಸಂಗೀತಗಾರರು ಗದ್ದಲದ ಕ್ಲಬ್ಬುಗಳಲ್ಲಿ ನುಡಿಸಬೇಕಿತ್ತು. ಪಕ್ಕದಲ್ಲಿ ಮಡ್ಡಿ ವಾಟರ್ಸ್ ಅವರ ಎಲೆಕ್ಟ್ರಿಕ್ ಗಿಟಾರು, ಹಿಂದೆ ಡ್ರಮ್. ಅವುಗಳ ನಡುವೆ ಬರಿಯ ಮೌತ್ ಆರ್ಗನ್, ಅಂದರೆ ಹಾರ್ಮೋನಿಕಾ, ಯಾರಿಗೆ ಕೇಳಿಸೀತು? ವಾಲ್ಟರ್ ಅಗ್ಗದ ಮೈಕೊಂದನ್ನು ಹಾರ್ಮೋನಿಕಾದ ಜೊತೆಗೇ ಬೊಗಸೆಯಲ್ಲಿ ಹಿಡಿದು, ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರು. ಹೀಗೆ ನುಡಿಸಿದವರಲ್ಲಿ ಅವರೇ ಮೊದಲಿಗರಲ್ಲ. ಆದರೆ ದನಿ ಏರಿಸಲು ಬಂದ ಮೈಕನ್ನು ವಾದ್ಯದ ಒಂದು ಅಂಗವಾಗಿಯೇ ಕಂಡು, ಅದರಿಂದ ಹೊಸ ನಾದವನ್ನು ಹೊರತೆಗೆದ ಕೀರ್ತಿ ಅವರದು.

‘ಹೈ ಅಪ್ನಾ ದಿಲ್ ತೋ ಆವಾರಾ’ ಹಾಡಿನಲ್ಲಿ ಆರ್.ಡಿ. ಬರ್ಮನ್ ನುಡಿಸಿದ ಮೌತ್ ಆರ್ಗನ್ ಕೇಳಿ ಬೆಳೆದ ಕಿವಿಗೆ ಈ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಅಲ್ಲಿ ಮೈಕು ದೂರ ನಿಂತು ಆಲಿಸುತ್ತದೆ. ಇಲ್ಲಿ ಉಸಿರಿನ ದಾರಿಯಲ್ಲೇ ಇರುತ್ತದೆ. ಬೊಗಸೆ ಗಾಳಿಯಾಡದಂತೆ ಮುಚ್ಚಿಕೊಂಡಾಗ ಒಳಗಿನ ಒತ್ತಡವೆಲ್ಲ ಮೈಕಿನ ಪರದೆಗೆ ಬಡಿಯುತ್ತದೆ. ಮೇಲಿನ ಚೂಪು ಸ್ವರಾಂಶಗಳು ಮಂಕಾಗುತ್ತವೆ, ಕೆಳಗಿನವು ಉಬ್ಬುತ್ತವೆ. ಆ ಬಲವಾದ ಸಂಕೇತವನ್ನು ತಾಳಲಾರದೆ ವಾಲ್ವ್ ಆಂಪ್ಲಿಫೈಯರ್ ಕೊಂಚ ಒಡೆದ ದನಿಯಲ್ಲಿ ಹಾಡುತ್ತದೆ. ಬೆರಳು ಸಡಿಲಿಸಿದರೆ ದನಿ ತೆರೆದುಕೊಳ್ಳುತ್ತದೆ, ಬಿಗಿದರೆ ಮುಚ್ಚಿಕೊಳ್ಳುತ್ತದೆ.

ಆದ್ದರಿಂದ ಮೈಕನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ಕೈಯನ್ನು. ಹಾರ್ಮೋನಿಕಾ ಹಿಡಿದ ಬೊಗಸೆಯಲ್ಲಿ ಸಂದಿಲ್ಲದೆ ಕೂರದ ಮೈಕು ಎಷ್ಟೇ ಹೆಸರುವಾಸಿಯಾದರೂ ಆ ವಾದಕನಿಗೆ ಸಲ್ಲದು. ಶ್ಯೂರ್ ಕಂಪನಿ 1949ರಲ್ಲಿ ಹೊರತಂದ ‘ಗ್ರೀನ್ ಬುಲೆಟ್’ ಈ ವಾದಕರಿಗೆ ಅಚ್ಚುಮೆಚ್ಚಾದದ್ದು ಅದರ ದುಂಡನೆಯ ಮೈಯಿಂದಲೂ ಹೌದು. ಮಾತು ದಾಟಿಸುವ ಸಂಪರ್ಕ ಕೇಂದ್ರಗಳ ಮೈಕು ಅದು. ಈಗ ಸಿಗುವ 520ಡಿಎಕ್ಸ್ ಮಾದರಿ 100ರಿಂದ 5,000 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಹಿಡಿಯುತ್ತದೆ. ಗಾಯಕರ ಎಸ್‌ಎಂ58 ಮೈಕು 15,000 ಹರ್ಟ್ಸ್‌ ಮುಟ್ಟುತ್ತದೆ. ಗಾಯಕರಿಗೆ ಕೊರತೆಯಾಗಿ ಕಾಣುವ ಈ ಮಿತಿ ಬ್ಲೂಸ್ ವಾದಕರಿಗೆ ವರ. ಆದರೆ ಬುಲೆಟ್ ತೂಕದ್ದು. ಸಣ್ಣ ಕೈಯವರು ಇಡೀ ಸಂಜೆ ಅದನ್ನು ಹಿಡಿದು ನೋಡದೆ ಕೊಳ್ಳಬಾರದು. ಬ್ಲೂಸ್ ಹಾರ್ಮೋನಿಕಾ ವಾದಕ ಪಾಲ್ ಬಟರ್‌ಫೀಲ್ಡ್ ಸಪೂರವಾದ ಶ್ಯೂರ್ 545 ಹಿಡಿದೇ ಹೆಸರು ಮಾಡಿದರು.

ಇನ್ನೊಂದು ಹೆಸರಾಂತ ಮೈಕು ಒಹಾಯೊದ ಅಸ್ಟಾಟಿಕ್ ಕಂಪನಿಯ ಜೆಟಿ-30. ಇದರ ಜೀವ ಇರುವುದು ಒಂದು ಉಪ್ಪಿನ ಹರಳಿನಲ್ಲಿ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಲಾ ರೋಶೆಲ್ ಊರಿನ ಔಷಧಿಕಾರ ಪಿಯರ್ ಸೆನ್ಯೆಟ್ ತಯಾರಿಸಿದ ರೋಶೆಲ್ ಉಪ್ಪು ಅದು. ಹೊಟ್ಟೆ ಸಡಿಲಿಸುವ ಮದ್ದಾಗಿ ಬಳಕೆಯಲ್ಲಿತ್ತು. ಒತ್ತಿದರೆ ವಿದ್ಯುತ್ತು ಹೊಮ್ಮಿಸುವ ಗುಣ ಕೆಲವು ಹರಳುಗಳಿಗಿದೆಯೆಂದು 1880ರಲ್ಲಿ ಕ್ಯೂರಿ ಸೋದರರು ತೋರಿಸಿದರು, ಅವುಗಳಲ್ಲಿ ರೋಶೆಲ್ ಉಪ್ಪೂ ಒಂದು. ಪರದೆ ಅದುರಿದಂತೆ ಹರಳು ಬಾಗುತ್ತದೆ, ಆ ಬಾಗುವಿಕೆಯೇ ಸಂಕೇತವಾಗುತ್ತದೆ. ಎಷ್ಟೆಂದರೂ ಅದು ಉಪ್ಪು. ತೇವ ಹೆಚ್ಚಾದರೆ ಕರಗುತ್ತದೆ, ಗಾಳಿ ತೀರ ಒಣಗಿದರೆ ತನ್ನೊಳಗಿನ ನೀರನ್ನು ಬಿಟ್ಟು ಪುಡಿಯಾಗುತ್ತದೆ. ಸುಮಾರು 55 ಡಿಗ್ರಿ ಬಿಸಿಯಲ್ಲೇ ಕೆಡತೊಡಗುತ್ತದೆ. ಬೇಸಿಗೆಯ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಕಾವೇರಬಲ್ಲದು. ನುಡಿಸುವವರ ಉಸಿರಿನ ತೇವವನ್ನೇ ಉಂಡು ಬದುಕಬೇಕಾದ ಮೈಕಿಗೆ ಇದಕ್ಕಿಂತ ದೊಡ್ಡ ಸಂಕಟವಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಇಂಥದ್ದನ್ನು ಕಪಾಟಿನಲ್ಲಿ ಹಾಗೇ ಬಿಡುವುದೆಂದರೆ ಉಪ್ಪಿನ ಭರಣಿಯನ್ನು ತೆರೆದಿಟ್ಟಂತೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತಂಪಾದ ಕೋಣೆಯಲ್ಲಿ ಇಡಬೇಕು. ಆದರೆ ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ಅದರಲ್ಲಿ ತುಂಬಬಾರದು; ಗಾಳಿ ತೀರ ಒಣಗಿದರೂ ಹರಳು ಕೆಡುತ್ತದೆ.

ಮೈಕಿಗೆ ತಕ್ಕ ಆಂಪ್ಲಿಫೈಯರ್ ಸಿಗದಿದ್ದರೆ ಇಷ್ಟೆಲ್ಲ ಜೋಪಾನವೂ ವ್ಯರ್ಥ. ಹರಳಿನ ಮೈಕಿನ ಇಂಪಿಡೆನ್ಸ್, ಅಂದರೆ ಸಂಕೇತಕ್ಕೆ ಒಡ್ಡುವ ತಡೆ, ಬಹಳ ಹೆಚ್ಚು. ಸಾಧಾರಣ ಗಿಟಾರ್ ಆಂಪ್ಲಿಫೈಯರಿನ ಒಂದು ಮೆಗಾಓಮ್ ಇನ್‌ಪುಟ್ ಕೂಡ ಅದಕ್ಕೆ ಕಡಿಮೆಯೇ, ಕೆಳಸ್ವರ ಸೊರಗುತ್ತದೆ. ಎಸ್‌ಎಂ58ರದು ತೀರ ಕಡಿಮೆ ಇಂಪಿಡೆನ್ಸ್. ಅದನ್ನು ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸಲು ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ‘ಮೈಕು ಸರಿಯಿಲ್ಲ’ ಎಂದು ಹೊಸಬರು ದೂರುವಾಗ ಅನೇಕ ಸಲ ತಪ್ಪು ಇರುವುದು ಈ ಜೋಡಣೆಯಲ್ಲಿ.

ವೇದಿಕೆಯಲ್ಲಿ ಕಾಡುವ ಇನ್ನೊಂದು ತೊಂದರೆ ಕುಯ್ಯೆಂಬ ಸೀಟಿ. ಎದುರಿನ ದನಿಯನ್ನಷ್ಟೇ ಹಿಡಿಯುವ ಮೈಕುಗಳಿಗೆ ತಲೆಯ ಹಿಂಭಾಗದಲ್ಲಿ ಕಿಂಡಿಗಳಿರುತ್ತವೆ. ಬೊಗಸೆ ಅವನ್ನು ಮುಚ್ಚಿದೊಡನೆ ಮೈಕು ಆಂಪ್ಲಿಫೈಯರಿನದೂ ಸೇರಿದಂತೆ ಸುತ್ತಲಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ಆಂಪ್ಲಿಫೈಯರನ್ನು ಸ್ವಲ್ಪ ದೂರ ಸರಿಸಿ, ಅದರ ಮುಖಕ್ಕೆ ನೇರ ನಿಲ್ಲದಿದ್ದರೆ ಅರ್ಧ ಕಾಟ ತಪ್ಪುತ್ತದೆ.

ದಿನನಿತ್ಯದ ಆರೈಕೆ ಸುಲಭ. ಏನಾದರೂ ತಿಂದವರು ಬಾಯಿ ಮುಕ್ಕಳಿಸಿಯೇ ಹಾರ್ಮೋನಿಕಾ ಎತ್ತಿಕೊಳ್ಳಬೇಕು. ನುಡಿಸಿದ ಮೇಲೆ ಜಾಲರಿಯನ್ನು ಒರೆಸಿ, ಗಾಳಿಗೆ ಆರಲು ಬಿಟ್ಟು, ಆಮೇಲೆ ಪೆಟ್ಟಿಗೆಗೆ ಹಾಕಬೇಕು. ಎಸ್‌ಎಂ58ರ ಜಾಲರಿಯನ್ನು ತಿರುಗಿಸಿ ಬಿಚ್ಚಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲಷ್ಟೇ ಮರಳಿ ಕೂರಿಸಬೇಕು. ನಮ್ಮ ಸಭೆಗಳಲ್ಲಿ ಮೈಕನ್ನು ಪರೀಕ್ಷಿಸಲು ‘ಉಫ್’ ಎಂದು ಊದುವ ಅಭ್ಯಾಸವಿದೆಯಲ್ಲ, ಅದನ್ನು ಬಿಡಲೇಬೇಕು; ತೆಳುವಾದ ಪರದೆಗೆ ಅದು ಏಟು. ವೈರನ್ನು ಮೈಕಿನ ಕತ್ತಿಗೆ ಬಿಗಿಯಾಗಿ ಸುತ್ತಿದರೆ ಒಳಗಿನ ತಂತಿ ಮುರಿಯುತ್ತದೆ.

ಹರಳಿರುವ ಹಳೆಯ ಮೈಕು ಕೊಳ್ಳುವವರು ಹೊರಗಿನ ಹೊಳಪಿಗೆ ಮಾರುಹೋಗಬಾರದು. ಸತ್ತ ಹರಳೂ ಬದುಕಿರುವ ಹರಳೂ ಹೊರಗಿನಿಂದ ಒಂದೇ ತೆರ. ಮಾರುವವರ ಎದುರಿನಲ್ಲೇ ಆಂಪ್ಲಿಫೈಯರಿಗೆ ಸಿಕ್ಕಿಸಿ, ಬೊಗಸೆ ಮುಚ್ಚಿ ನುಡಿಸಿ ನೋಡಬೇಕು. ದನಿ ತೆಳುವಾಗಿ ಕೇಳಿದರೆ ಒಳಗಿನ ರಬ್ಬರ್ ಪಟ್ಟಿ ಗಟ್ಟಿಯಾಗಿ ಗಾಳಿ ಸೋರುತ್ತಿರಬಹುದು. ಅದನ್ನು ಬದಲಿಸುವುದು ಕಷ್ಟವಲ್ಲ. ಹರಳೇ ಸತ್ತಿದ್ದರೆ ಆ ಲೋಹದ ಚಿಪ್ಪಿನೊಳಗೆ ಸುರುಳಿ-ಅಯಸ್ಕಾಂತದ ಡೈನಮಿಕ್ ಎಲಿಮೆಂಟ್ ಕೂರಿಸಿಕೊಂಡು ನುಡಿಸುವವರು ಬಹಳ ಮಂದಿ. ಅದಕ್ಕೆ ಮಳೆಗಾಲದ ಭಯ ಅಷ್ಟಿಲ್ಲ.