ಪೆಟ್ರೋಲ್ ಕಾರಿಗೆ ಹೊಸ ಸ್ಪಾರ್ಕ್ ಪ್ಲಗ್ಗನ್ನೂ ಆಕ್ಸಿಜನ್ ಸೆನ್ಸರನ್ನೂ ಆರಿಸುವ ಕ್ರಮ

ಗ್ರಾಮಾಂತರಗಳಲ್ಲಿ ಸ್ವಂತ ಕಾರನ್ನಿಟ್ಟುಕೊಂಡಿರುವ ಭೂಮಾಲೀಕರ ಸಂಖ್ಯೆಯು ಈಗ ಸ್ವಲ್ಪವಲ್ಲ. ಪೈರಿನ ರೋಗವನ್ನು ಎಲೆಯ ಬಣ್ಣದಿಂದಲೇ ಗುರುತಿಸಬಲ್ಲ ಈ ಮಹನೀಯರು, ಕಾರಿನಲ್ಲಿ ಹಳದಿಯ ಎಂಜಿನ್ ದೀಪವು ಹೊತ್ತಿಕೊಂಡರೆ ಮಾತ್ರ ರಿಪೇರಿಯವನು ಹೇಳಿದ ಸಾಮಾನನ್ನೆಲ್ಲ ವಿಚಾರಿಸದೆ ಹಾಕಿಸಿಬಿಡುವರು. ಹೆಚ್ಚು ಹಣವನ್ನು ವೆಚ್ಚಮಾಡಿ ಆಕ್ಸಿಜನ್ ಸೆನ್ಸರನ್ನು ಬದಲಾಯಿಸಿದ ಮೇಲೂ ದೀಪವು ಪುನಃ ಹೊತ್ತುವುದುಂಟು; ದೋಷವು ಅಗ್ಗದ ಪ್ಲಗ್ಗಿನಲ್ಲಿಯೇ ಇದ್ದಿತೆಂಬುದು ತರುವಾಯ ತಿಳಿಯುವುದು. ಆದಕಾರಣ ಈ ಎರಡು ಸಾಮಾನುಗಳಿಗೆ ಇರುವ ಸಂಬಂಧವನ್ನೂ ಅವುಗಳನ್ನು ಆರಿಸುವ ರೀತಿಯನ್ನೂ ಇಲ್ಲಿ ವಿವರಿಸಲಾಗಿದೆ.

ಇದು ಪೆಟ್ರೋಲ್ ಎಂಜಿನ್ನುಗಳಿಗೆ ಸಂಬಂಧಪಟ್ಟ ವಿಷಯ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯು ಒತ್ತಡದಿಂದಲೇ ಕಾದು ಎಣ್ಣೆಯನ್ನು ಹೊತ್ತಿಸುವುದರಿಂದ ನಮ್ಮ ಡೀಸೆಲ್ ಟ್ರಾಕ್ಟರುಗಳಿಗೆ ಸ್ಪಾರ್ಕ್ ಪ್ಲಗ್ಗು ಇರುವುದಿಲ್ಲ. ಪೆಟ್ರೋಲಿನಿಂದ ನಡೆಯುವ ಔಷಧಿ ಸಿಂಪಡಿಸುವ ಯಂತ್ರ, ಕಳೆ ಕತ್ತರಿಸುವ ಯಂತ್ರ ಮೊದಲಾದುವುಗಳಿಗೆ ಉಂಟು. ಪ್ಲಗ್ಗಿನ ವಿಷಯವಾಗಿ ಮುಂದೆ ಹೇಳುವುದು ಬಹುಮಟ್ಟಿಗೆ ಅವುಗಳಿಗೂ ಅನ್ವಯಿಸುವುದು.

ಪ್ಲಗ್ಗು ಸಿಲಿಂಡರಿನೊಳಗೆ ಕಿಡಿಯನ್ನು ಹಾರಿಸಿ ಪೆಟ್ರೋಲಿನ ಆವಿಯನ್ನು ಹೊತ್ತಿಸುವುದು. ಸೆನ್ಸರು ಹೊಗೆಕೊಳವೆಯಲ್ಲಿದ್ದುಕೊಂಡು, ಉರಿದ ಮೇಲೆ ಉಳಿದ ಆಮ್ಲಜನಕವೆಷ್ಟೆಂಬುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವುದು. ಜರ್ಮನಿಯ ಬಾಷ್ ಕಂಪೆನಿಯವರ ಈ ಉಪಕರಣವನ್ನು ೧೯೭೬ರಲ್ಲಿ ಸ್ವೀಡನ್ ದೇಶದ ವೋಲ್ವೋ ಕಾರುಗಳಲ್ಲಿ ಮೊದಲು ಅಳವಡಿಸಲಾಯಿತು. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿ ಬೇಕು. ಕಬ್ಬು, ಮೆಕ್ಕೆಜೋಳಗಳಿಂದ ತೆಗೆದ ಇಥೆನಾಲ್ ಬೆರೆತ ಪೆಟ್ರೋಲಿಗೆ ಅಷ್ಟು ಬೇಡ. ನಮ್ಮ ಬೆಳೆಯೇ ಕಾರಿನ ಟ್ಯಾಂಕನ್ನು ಸೇರಿರುವ ಈ ಕಾಲದಲ್ಲಿ, ಆ ವ್ಯತ್ಯಾಸವನ್ನು ಕಂಪ್ಯೂಟರು ಸರಿದೂಗಿಸುವುದು ಸೆನ್ಸರಿನ ಸಹಾಯದಿಂದಲೇ.

ಪ್ಲಗ್ಗೊಂದು ಕಿಡಿಯನ್ನು ಹಾರಿಸದಿದ್ದರೆ ಆ ಸಿಲಿಂಡರಿನ ಗಾಳಿಯೂ ಪೆಟ್ರೋಲೂ ಉರಿಯದೆ ಕೊಳವೆಗೆ ಬರುವುವು. ಸೆನ್ಸರು ಆಮ್ಲಜನಕವು ಹೆಚ್ಚಾಗಿದೆಯೆಂದು ವರದಿ ಕೊಡುವುದು. ಕಂಪ್ಯೂಟರು ಪೆಟ್ರೋಲು ಸಾಲದೆಂದು ಬಗೆದು ಮತ್ತಷ್ಟು ಸುರಿಸುವುದು. ಇದರಲ್ಲಿ ಸೆನ್ಸರಿನ ತಪ್ಪೇನೂ ಇಲ್ಲ, ಇದ್ದುದನ್ನೇ ಹೇಳಿದೆ. ಕಾರನ್ನು ಹೀಗೆಯೇ ಓಡಿಸಿದರೆ ಉರಿಯದ ಪೆಟ್ರೋಲು ಹೊಗೆಯನ್ನು ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದರ ಒಳಭಾಗವನ್ನೇ ಕರಗಿಸಬಹುದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳನ್ನು ಬಳಸಿ ಮಾಡುವ ಆ ಭಾಗದ ಬೆಲೆಯ ಮುಂದೆ ಪ್ಲಗ್ಗುಗಳ ಬೆಲೆ ಏನೂ ಅಲ್ಲ. ಆದುದರಿಂದ ಮೊದಲು ಪ್ಲಗ್ಗನ್ನೂ, ಅನಂತರ ಕೊಳವೆಯ ಕೀಲುಗಳಲ್ಲಿ ಸೋರಿಕೆಯುಂಟೇ ಎಂಬುದನ್ನೂ ಪರೀಕ್ಷಿಸಿ, ಕಡೆಗೆ ಸೆನ್ಸರಿನ ವಿಚಾರಕ್ಕೆ ಬರತಕ್ಕದ್ದು.

ಬಿಚ್ಚಿದ ಪ್ಲಗ್ಗಿನ ಮುಖವು ಎಂಜಿನ್ನಿನ ನಾಡಿಯಿದ್ದಂತೆ. ಪಿಂಗಾಣಿಯು ತಿಳಿಗಂದು ಅಥವಾ ಬೂದು ಬಣ್ಣವಾಗಿದ್ದರೆ ಕ್ಷೇಮ. ಒಣಗಿದ ಕರಿಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಪ್ಲಗ್ಗು ತಕ್ಕಷ್ಟು ಕಾಯುತ್ತಿಲ್ಲ. ಎಣ್ಣೆಯ ಜಿಡ್ಡಿದ್ದರೆ ಸಿಲಿಂಡರಿಗೆ ಎಂಜಿನ್ ಆಯಿಲು ಬರುತ್ತಿದೆ; ಇದಕ್ಕೆ ಹೊಸ ಪ್ಲಗ್ಗು ಔಷಧವಲ್ಲ. ಬಿಳಿದಾಗಿ ಬೊಬ್ಬೆಯೆದ್ದಿದ್ದರೆ ಮಿತಿಮೀರಿ ಕಾದಿದೆ.

ಹೊಸದನ್ನು ಕೊಳ್ಳುವಾಗ ಕಾರಿನ ಕೈಪುಸ್ತಕದಲ್ಲಿ ಮುದ್ರಿತವಾದ ನಂಬರೇ ಪ್ರಮಾಣವು. ಹಳೆಯದರ ಆಕಾರಕ್ಕೆ ಹೋಲಿಸಿ ಕೊಳ್ಳಕೂಡದು. ತಿರುಪಿನ ಭಾಗವು ಉದ್ದವಾದರೆ ಪಿಸ್ಟನ್ನಿಗೆ ತಗಲಬಹುದು. ಗಿಡ್ಡವಾದರೆ ಕಿಡಿಯು ತಕ್ಕ ಸ್ಥಳದಲ್ಲಿ ಹಾರದು. ಇದಕ್ಕಿಂತ ಸೂಕ್ಷ್ಮವಾದುದು ಶಾಖದ ದರ್ಜೆ. ತುದಿಯ ಶಾಖವನ್ನು ಬೇಗ ಸಾಗಿಸುವುದು ತಂಪು ಪ್ಲಗ್ಗು, ನಿಧಾನವಾಗಿ ಸಾಗಿಸುವುದು ಬಿಸಿ ಪ್ಲಗ್ಗು. ಎನ್‌ಜಿಕೆ, ಡೆನ್ಸೋ ಕಂಪೆನಿಗಳಲ್ಲಿ ದರ್ಜೆಯ ಅಂಕಿ ಹೆಚ್ಚಿದಷ್ಟೂ ಪ್ಲಗ್ಗು ತಂಪು; ಬಾಷ್‌ನಲ್ಲಿ ಹೆಚ್ಚಿದಷ್ಟೂ ಬಿಸಿ. ಅಂಕಿಯೊಂದನ್ನೇ ನೋಡಿ ಒಂದು ಕಂಪೆನಿಯದಕ್ಕೆ ಬದಲಾಗಿ ಮತ್ತೊಂದರದನ್ನು ಹಾಕುವವರು ಇಲ್ಲಿಯೇ ಮೋಸಹೋಗುವರು. ಇರಿಡಿಯಂ ತುದಿಯ ಪ್ಲಗ್ಗು ದುಬಾರಿಯಾದರೂ ನಿಕ್ಕಲಿನದಕ್ಕಿಂತ ಬಹುಕಾಲ ಬಾಳುವುದು. ಆದರೆ ಅದರಿಂದ ಎಂಜಿನ್ನಿಗೆ ಹೊಸ ಶಕ್ತಿ ಬರುವುದೆಂಬುದು ಅಂಗಡಿಯ ಮಾತು. ಅದರ ನವುರಾದ ತುದಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಕೂಡದು. ಎಂಜಿನ್ನು ತಣ್ಣಗಾದ ಮೇಲೆಯೇ ಹಾಕಿ, ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ವಾಷರುಳ್ಳ ೧೪ ಮಿಲಿಮೀಟರಿನ ಹೊಸ ಪ್ಲಗ್ಗಿಗೆ ಆಮೇಲೆ ಸ್ಪ್ಯಾನರಿನಿಂದ ಸುಮಾರು ಅರ್ಧ ಸುತ್ತು ಸಾಕು.

ಸೆನ್ಸರುಗಳು ಅನೇಕ ಕಾರುಗಳಲ್ಲಿ ಎರಡಿರುವುವು. ಕನ್ವರ್ಟರಿಗೆ ಮುಂಚೆ ಇರುವುದು ಪೆಟ್ರೋಲಿನ ಪ್ರಮಾಣವನ್ನು ನಿಯಮಿಸಲು. ಹಿಂದಿರುವುದು ಮುಖ್ಯವಾಗಿ ಕನ್ವರ್ಟರಿನ ಕೆಲಸವನ್ನು ನೋಡಲು. ದೋಷವು ಯಾವುದರದೆಂದು ಕೇಳಿ ತಿಳಿದೇ ಕೊಳ್ಳಬೇಕು. ತಿರುಪೂ ತಂತಿಗಳೂ ಒಂದೇ ತೆರನಾಗಿ ಕಂಡರೂ ಒಳಗಿನ ಜಾತಿ ಬೇರೆಯಿರಬಹುದು. ಒಂದು ಜಾತಿಯದು ಮತ್ತೊಂದರ ಸ್ಥಾನದಲ್ಲಿ ಕೆಲಸಮಾಡದು. ತಂತಿಗಳನ್ನು ಕತ್ತರಿಸಿ ಜೋಡಿಸುವ ಅಗ್ಗದ ಸೆನ್ಸರಿಗಿಂತ ಕಾರಿನ ಕನೆಕ್ಟರಿಗೆ ನೇರವಾಗಿ ಕೂಡುವುದೇ ಮೇಲು. ಕೆಲವು ಸೆನ್ಸರುಗಳಿಗೆ ಬೇಕಾದ ಹೊರಗಾಳಿಯು ತಂತಿಯ ಎಳೆಗಳ ಸಂದಿನಿಂದಲೇ ಬರುವುದು. ಬೆಸುಗೆ ಹಾಕಿದರೆ ಆ ದಾರಿ ಮುಚ್ಚಿಹೋಗುವುದು.

ಹೊಸ ಸೆನ್ಸರು ಬೇಗ ಕೆಟ್ಟರೆ ಮತ್ತೊಂದನ್ನು ಕೊಳ್ಳುವುದಕ್ಕೆ ಮೊದಲು ಕಾರಣವನ್ನು ಹುಡುಕತಕ್ಕದ್ದು. ಎಂಜಿನ್ ಆಯಿಲು ಉರಿಯುವುದು, ರೇಡಿಯೇಟರಿನ ನೀರು ಸಿಲಿಂಡರಿಗೆ ಸೋರುವುದು, ರಿಪೇರಿಯಲ್ಲಿ ಸಾಮಾನ್ಯ ಸಿಲಿಕೋನ್ ಅಂಟನ್ನು ಬಳಿಯುವುದು, ಇವೆಲ್ಲವೂ ಅದಕ್ಕೆ ವಿಷಪ್ರಾಯ. ತಿರುಪಿಗೆ ಬಳಿದಿರುವ ಲೇಪವು ತುದಿಗೆ ತಾಕಬಾರದು. ಒಳಗಿರುವುದು ಪಿಂಗಾಣಿಯಂತಹ ಜಿರ್ಕೋನಿಯಾ ಆದುದರಿಂದ, ಕೈತಪ್ಪಿ ನೆಲಕ್ಕೆ ಬಿದ್ದ ಸೆನ್ಸರು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು. ಅಂತಹದನ್ನು ಹಾಕಿಸಲು ಒಪ್ಪಕೂಡದು.