ವಾಷಿಂಗ್ಟನ್ ದಂಡಿನ ಡಾಕ್ಟರು ನಿಮ್ಮ ಮನೆತನದವರೇ? ಹುಡುಕುವುದು ಹೀಗೆ

ಉತ್ತರ ಕರ್ನಾಟಕದ ಕಡೆಯವರಿಗೆ ಹೆಳವರು ಗೊತ್ತು. ಎತ್ತು ಹೊಡೆದುಕೊಂಡು ಬಂದು ಮನೆಯ ಮುಂದೆ ನಿಲ್ಲುತ್ತಾರೆ. ನಿಮ್ಮ ಮನೆತನ ಯಾವ ಊರಿನಿಂದ ಬಂತು, ಯಾರ ಮಗ ಯಾರು, ಯಾರು ಎಲ್ಲಿಗೆ ಒಡೆದು ಹೋದರು ಎಂದು ತಲೆಮಾರುಗಟ್ಟಲೆ ಹೇಳುತ್ತಾರೆ. ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಅಮೆರಿಕದಲ್ಲಿ ಹೆಳವರಿಲ್ಲ. ಆದರೆ ಅಲ್ಲಿನ ಪಿಂಚಣಿ ಕಚೇರಿಯ ಗುಮಾಸ್ತರು ತಮಗೇ ಅರಿವಿಲ್ಲದೆ ಆ ಕೆಲಸ ಮಾಡಿಟ್ಟು ಹೋಗಿದ್ದಾರೆ.

ಈ ವಿಷಯಕ್ಕೆ ನಾನು ಬಿದ್ದದ್ದು ಮೊಮ್ಮಗನಿಂದ. ಮಗಳು ಪೆನ್ಸಿಲ್ವೇನಿಯಾದಲ್ಲಿದ್ದಾಳೆ, ಅಳಿಯ ಅಲ್ಲಿಯವನೇ. 1776ರ ಸ್ವಾತಂತ್ರ್ಯ ಘೋಷಣೆಗೆ 2026ಕ್ಕೆ 250 ವರ್ಷವಾಗುತ್ತದೆಂದು ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ಅಳಿಯನ ತಾಯಿಯ ಕಡೆ ಒಂದು ಮಾತು ಬಾಯಿಂದ ಬಾಯಿಗೆ ಬಂದಿದೆ: ಜರ್ಮನಿಯಿಂದ ವಲಸೆ ಬಂದ ಹಿರಿಯರೊಬ್ಬರು ವಾಷಿಂಗ್ಟನ್ ಸೈನ್ಯದಲ್ಲಿ ಡಾಕ್ಟರಾಗಿದ್ದರಂತೆ. ಹೆಸರಿದೆ, ಊರಿಲ್ಲ. ಇಂಥ ‘ಅಂತೆ’ ಈಗ ನಮ್ಮವರ ಎಷ್ಟೋ ಮನೆಗಳಿಗೆ ಅಳಿಯ ಸೊಸೆಯರ ಜೊತೆ ಬಂದಿರುತ್ತದೆ. ಅದನ್ನು ಹೇಗೆ ಬಿಡಿಸುವುದು ನೋಡೋಣ.

ಮೊದಲು ಆ ಕಾಲದ ‘ಸರ್ಜನ್’ ಅಂದರೆ ಯಾರೆಂದು ತಿಳಿಯಬೇಕು. ವಾಷಿಂಗ್ಟನ್ ಸೇನಾಪತಿಯಾಗಿದ್ದ ಅಮೆರಿಕದ ಸ್ವಾತಂತ್ರ್ಯ ಯುದ್ಧ ಬ್ರಿಟಿಷರ ವಿರುದ್ಧ ನಡೆದದ್ದು 1775ರಿಂದ 1783ರವರೆಗೆ. ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ 1775ರ ಜುಲೈ 27ರಂದು ಸೈನ್ಯಕ್ಕೊಂದು ಆಸ್ಪತ್ರೆ ಇಲಾಖೆ ಮಾಡಿತು. 20,000 ಜನರ ದಂಡಿಗೆ ನಾಲ್ವರು ಸರ್ಜನ್‌ಗಳು, ಇಪ್ಪತ್ತು ಮಂದಿ ‘ಮೇಟ್’ಗಳು, ಅಂದರೆ ಸಹಾಯಕರು. ಸರ್ಜನ್‌ಗೆ ದಿನಕ್ಕೆ ಒಂದೂ ಮೂರನೇ ಒಂದು ಡಾಲರ್, ಮೇಟ್‌ಗೆ ಅದರರ್ಧ. ಇದಲ್ಲದೆ ಒಂದೊಂದು ರೆಜಿಮೆಂಟಿಗೂ, ಅಂದರೆ ಕೆಲವು ನೂರು ಸೈನಿಕರ ತುಕಡಿಗೂ, ಅದರದೇ ಸರ್ಜನ್ ಇರುತ್ತಿದ್ದರು. ಡಿಗ್ರಿ ಇರಲೇಬೇಕೆಂದೇನಿರಲಿಲ್ಲ. ಎಡಿನ್‌ಬರೋದಲ್ಲಿ ಓದಿದವರು ಕೆಲವರು. ಹೆಚ್ಚಿನವರು ಹಿರಿಯ ವೈದ್ಯರ ಕೈಕೆಳಗೆ ಕೆಲವು ವರ್ಷ ಶಿಷ್ಯವೃತ್ತಿ ಮಾಡಿ ಕಲಿತವರು. ಹಾಗಾಗಿ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಕೈಬಿಡಬೇಡಿ.

ಇವರಲ್ಲಿ ವಲಸೆ ಬಂದವರು ಎಷ್ಟೋ ಜನ. ವಾಷಿಂಗ್ಟನ್ನರ ಗೆಳೆಯ, ಕೊನೆಗಾಲದಲ್ಲಿ ಅವರ ಹಾಸಿಗೆಯ ಪಕ್ಕದಲ್ಲಿದ್ದ ಡಾ. ಜೇಮ್ಸ್ ಕ್ರೇಕ್ ಸ್ಕಾಟ್ಲೆಂಡಿನವರು. ಡಾ. ಬೋಡೊ ಒಟ್ಟೊ ಜರ್ಮನಿಯ ಹ್ಯಾನೋವರ್ ಕಡೆ 1711ರಲ್ಲಿ ಹುಟ್ಟಿ, 1755ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದವರು. ಅರವತ್ತು ದಾಟಿದ ಮೇಲೆ ಸೈನ್ಯ ಸೇರಿದರು. ಸೈನ್ಯದ ಚಳಿಗಾಲದ ಬಿಡಾರವಾಗಿದ್ದ ವ್ಯಾಲಿ ಫೋರ್ಜ್‌ಗೆ ಸಮೀಪದ ಯೆಲ್ಲೋ ಸ್ಪ್ರಿಂಗ್ಸ್‌ನ ಆಸ್ಪತ್ರೆ ನೋಡಿಕೊಂಡರು, ಗಂಡುಮಕ್ಕಳನ್ನೂ ಅದೇ ಕೆಲಸಕ್ಕೆ ಹಚ್ಚಿದರು. ಐರ್ಲೆಂಡಿನ ಜೇಮ್ಸ್ ಮೆಕ್‌ಹೆನ್ರಿ ಯುದ್ಧಕ್ಕೆ ಬಂದದ್ದು ಸರ್ಜನ್ ಆಗಿ, ಮುಂದೆ ಆದದ್ದು ಯುದ್ಧ ಮಂತ್ರಿ. ಇಷ್ಟು ದೊಡ್ಡವರಾದರೆ ಹುಡುಕುವ ಕಷ್ಟವೇ ಇಲ್ಲ. ನಮ್ಮ ಕಷ್ಟವೆಲ್ಲ ಹೆಸರಿಲ್ಲದ ಮೇಟ್‌ಗಳದು.

ಈಗ ಹುಡುಕುವ ಕ್ರಮ. ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ: ಸರ್ಜನ್ನಿಂದಲೇ ಶುರು ಮಾಡಿದೆ. ಸೈನ್ಯದ ಪಟ್ಟಿಯಲ್ಲಿ ಅದೇ ಹೆಸರು ಸಿಕ್ಕಿತು, ಮನೆಮಂದಿಗೆಲ್ಲ ಹೇಳಿದೆ. ಎರಡು ವಾರದ ಮೇಲೆ ತಿಳಿಯಿತು, ಅವರು ಬೇರೆ ಕೌಂಟಿಯ, ಅಂದರೆ ಬೇರೆ ಜಿಲ್ಲೆಯ, ಬೇರೆ ಮನುಷ್ಯ, ಮಕ್ಕಳೇ ಇರಲಿಲ್ಲ. ಎಂಟು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 256 ಹಿರಿಯರ ಸ್ಥಾನಗಳಿರುತ್ತವೆ. ಹೆಸರು ಹೊಂದಿತೆಂದರೆ ಏನೂ ಆಗಲಿಲ್ಲ. ಆದ್ದರಿಂದ ಇಂದಿನಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿಯಿರಿ. ಒಂದು ಮೆಟ್ಟಿಲಿಗೆ ಕಾಗದದ ಆಧಾರ ಸಿಗದೆ ಮುಂದಿನದಕ್ಕೆ ಕಾಲಿಡಬೇಡಿ.

ಪೆನ್ಸಿಲ್ವೇನಿಯಾ ರಾಜ್ಯ ಜನನ ಮರಣ ನೋಂದಣಿ ಶುರು ಮಾಡಿದ್ದು 1906ರಲ್ಲಿ. ಅದಕ್ಕೂ ಹಿಂದಕ್ಕೆ ಜನಗಣತಿ ಕೈ ಹಿಡಿಯುತ್ತದೆ, ಆದರೆ 1850ರವರೆಗೆ ಮಾತ್ರ. ಗುಲಾಮರನ್ನು ಬಿಟ್ಟು ಮನೆಯಲ್ಲಿರುವ ಎಲ್ಲರ ಹೆಸರನ್ನು ಬರೆದುಕೊಂಡ ಮೊದಲ ಗಣತಿ ಅದು. 1790ರಿಂದ 1840ರವರೆಗಿನ ಗಣತಿಗಳಲ್ಲಿ ಯಜಮಾನನ ಹೆಸರು, ಉಳಿದವರೆಲ್ಲ ಬರೀ ಲೆಕ್ಕ. ಕೊಂಡಿ ಕಳಚುವುದು ಈ ಅರವತ್ತು ವರ್ಷಗಳಲ್ಲಿಯೇ. ಇಲ್ಲಿ ಕೌಂಟಿ ಕೋರ್ಟಿನ ಮರಣಶಾಸನ, ಅಂದರೆ ವಿಲ್, ಜಮೀನು ಕ್ರಯಪತ್ರ, ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಇವೇ ಗತಿ. ತಂದೆಯ ಜಮೀನನ್ನು ಮಕ್ಕಳು ಪಾಲು ಮಾಡಿ ಮಾರಿದ ಒಂದು ಕ್ರಯಪತ್ರ ಸಿಕ್ಕರೆ ಅಣ್ಣತಮ್ಮ, ಅಕ್ಕತಂಗಿ, ಅಳಿಯಂದಿರು ಎಲ್ಲರೂ ಒಂದೇ ಹಾಳೆಯಲ್ಲಿ ಸಿಗುತ್ತಾರೆ. ನಮ್ಮ ಊರುಗಳ ಪಾಲುಪಟ್ಟಿ ಇದ್ದ ಹಾಗೆ.

ಹೀಗೆ 1790ರ ಹತ್ತಿರ ಬಂದ ಮೇಲೆ ಸೈನ್ಯದ ದಾಖಲೆಗೆ ಕೈಹಾಕಿ. ಮೊದಲು ಎರಡು ಹಳೆಯ ಪುಸ್ತಕ ನೋಡಿ, ಎರಡೂ ಅಂತರ್ಜಾಲದಲ್ಲಿ ಉಚಿತ. ಜೋಸೆಫ್ ಟೋನರ್ 1876ರಲ್ಲಿ ತಂದ ‘ದಿ ಮೆಡಿಕಲ್ ಮೆನ್ ಆಫ್ ದಿ ರೆವಲ್ಯೂಷನ್’ನಲ್ಲಿ ಸುಮಾರು 1,200 ವೈದ್ಯರ ಹೆಸರಿದೆ. ಫ್ರಾನ್ಸಿಸ್ ಹೈಟ್‌ಮನ್‌ರ ಅಧಿಕಾರಿಗಳ ಕೋಶದಲ್ಲಿ ಯಾರು ಯಾವ ರೆಜಿಮೆಂಟಿಗೆ ಯಾವಾಗ ಸೇರಿದರೆಂಬ ಒಂದೆರಡು ಸಾಲಿರುತ್ತದೆ. ಎರಡರಲ್ಲೂ ಇಲ್ಲದಿದ್ದರೆ? ಅವರು ರಾಜ್ಯದ ಮಿಲಿಷಿಯಾದಲ್ಲಿ, ಅಂದರೆ ಊರ ದಂಡಿನಲ್ಲಿ ಇದ್ದಿರಬಹುದು. ಪೆನ್ಸಿಲ್ವೇನಿಯಾದವರಾದರೆ ಹ್ಯಾರಿಸ್‌ಬರ್ಗ್‌ನ ರಾಜ್ಯ ದಫ್ತರಖಾನೆಯ ಚೀಟಿಗಳ ಸೂಚಿಯನ್ನು ಮನೆಯಿಂದಲೇ ನೋಡಬಹುದು. ಹಡಗಿನ ಡಾಕ್ಟರೂ ಆಗಿದ್ದಿರಬಹುದು. ಹಡಗೆಂದಾಗ ಒಂದು ಮಾತು: 1782ರಲ್ಲಿ ಫಿಲಡೆಲ್ಫಿಯಾದವರು ಸಜ್ಜುಗೊಳಿಸಿದ ಯುದ್ಧನೌಕೆಯೊಂದರ ಹೆಸರು ‘ಹೈದರ್ ಅಲಿ’. ನಮ್ಮ ಮೈಸೂರಿನ ಹೈದರನೇ! ಆ ವರ್ಷ ಏಪ್ರಿಲ್ 8ರಂದು ಕ್ಯಾಪ್ಟನ್ ಜೋಶುವಾ ಬಾರ್ನಿ ಅದರಲ್ಲಿ ಹೋಗಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿದರು. ಶ್ರೀರಂಗಪಟ್ಟಣದಲ್ಲಿ ಓದಿ ಬೆಳೆದ ನನಗೆ ಇದು ಗೊತ್ತಾದದ್ದು ಅಳಿಯನ ಅಜ್ಜನನ್ನು ಹುಡುಕುವಾಗ.

ಸೈನ್ಯದ ಸೇವಾ ದಾಖಲೆ ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಖಾನೆ, ಅಂದರೆ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಆದರೆ ಹೆಚ್ಚು ಆಸೆ ಬೇಡ. 1800ರ ನವೆಂಬರ್ 8ರಂದು ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಹಳೆಯ ಕಾಗದಗಳೆಲ್ಲ ಸುಟ್ಟುಹೋದವು. (ಹಿಂದೆ ಸರ್ಜನ್ ಆಗಿದ್ದ ಮೆಕ್‌ಹೆನ್ರಿ ಆ ಇಲಾಖೆಯ ಮಂತ್ರಿಗಿರಿ ಬಿಟ್ಟು ಕೆಲವೇ ತಿಂಗಳಾಗಿತ್ತು.) ಈಗಿರುವುದು ಬೇರೆಡೆಯಿಂದ ಕೂಡಿಹಾಕಿದ ಹಾಜರಿ ಪಟ್ಟಿ, ಸಂಬಳದ ಪಟ್ಟಿಗಳಿಂದ ಒಬ್ಬೊಬ್ಬರ ಹೆಸರಿಗೆ ನಕಲು ಮಾಡಿದ ಚೀಟಿಗಳು. ಅದರಲ್ಲಿ ಹೆಸರು, ಹುದ್ದೆ, ತಿಂಗಳು ಇರುತ್ತದೆ. ಹೆಂಡತಿ ಯಾರು, ಹುಟ್ಟಿದ್ದೆಲ್ಲಿ ಎಂಬುದು ಇರುವುದಿಲ್ಲ.

ಅದಿರುವುದು ಪಿಂಚಣಿ ಕಡತದಲ್ಲಿ.

ಈ ಕಡತಗಳು ಸುಮಾರು 80,000. ಒಂದೊಂದರ ಮೇಲೂ ಒಂದು ಅಕ್ಷರ, ಒಂದು ಸಂಖ್ಯೆ. ‘ಎಸ್’ ಇದ್ದರೆ ಸೈನಿಕನೇ ಬದುಕಿದ್ದು ಕೇಳಿದ್ದು. ‘ಡಬ್ಲ್ಯೂ’ ಇದ್ದರೆ ವಿಧವೆ ಕೇಳಿದ್ದು. ‘ಆರ್’ ಇದ್ದರೆ ಅರ್ಜಿ ತಿರಸ್ಕೃತ. ‘ಬಿ.ಎಲ್.’ ಎಂದು ಶುರುವಾದರೆ ಸೇವೆಗೆ ಪ್ರತಿಯಾಗಿ ಸಿಗುವ ಜಮೀನಿನ ಸನದು. 1818ರ ಕಾಯಿದೆ ಬಡತನದಲ್ಲಿದ್ದ ಹಳೆಯ ಯೋಧರಿಗೆ ಪಿಂಚಣಿ ಕೊಟ್ಟಿತು. ಎರಡು ವರ್ಷದ ಮೇಲೆ ಸರ್ಕಾರಕ್ಕೆ ಅನುಮಾನ ಬಂದು, ಆಸ್ತಿಯ ಪಟ್ಟಿ ಕೊಡಿ ಎಂದಿತು. ಹಾಗಾಗಿ ಹಸು, ಕುರ್ಚಿ, ಒಡಕು ಮಡಕೆ ಎಲ್ಲವೂ ಕಡತದಲ್ಲಿದೆ, ಜೊತೆಗೆ ಮನೆಯಲ್ಲಿ ಯಾರಿದ್ದಾರೆ, ಅವರ ವಯಸ್ಸೆಷ್ಟು ಎಂಬುದೂ. 1832ರ ಕಾಯಿದೆ ಆರು ತಿಂಗಳು ಸೇವೆ ಮಾಡಿದವರಿಗೂ ಕೊಟ್ಟಿತು, ಮಿಲಿಷಿಯಾದವರಿಗೂ ಸೇರಿಸಿ. ಆದರೆ ದಾಖಲೆ ಸುಟ್ಟಿತ್ತಲ್ಲ? ಅದಕ್ಕೇ ಮುದುಕರು ಕೋರ್ಟಿಗೆ ಬಂದು, ಎಲ್ಲಿ ಹುಟ್ಟಿದೆ, ಎಲ್ಲಿ ಸೇರಿದೆ, ಯಾರ ಕೈಕೆಳಗಿದ್ದೆ ಎಂದು ಬಾಯಿಬಿಟ್ಟು ಹೇಳಿ ಬರೆಸಬೇಕಾಯಿತು. ಬೆಂಕಿ ಮಾಡಿದ ಉಪಕಾರ ಇದೊಂದು.

ನನ್ನನ್ನು ಕೇಳಿದರೆ ಮೊದಲು ತೆರೆಯಬೇಕಾದದ್ದು ‘ಡಬ್ಲ್ಯೂ’ ಮತ್ತು ‘ಆರ್’. ವಿಧವೆಯರ ಪಿಂಚಣಿಗೆ 1836ರಲ್ಲಿ ದಾರಿ ತೆರೆಯಿತು. ಗಂಡನ ಸೇವೆ ಮುಗಿಯುವ ಮೊದಲೇ ಮದುವೆಯಾಗಿರಬೇಕೆಂಬ ಷರತ್ತು ಸಡಿಲವಾಗುತ್ತ ಬಂದು 1853ಕ್ಕೆ ಬಿಟ್ಟೇಹೋಯಿತು. ಮದುವೆಗೆ ಸಾಕ್ಷಿ ಏನು ಎಂದು ಗುಮಾಸ್ತ ಕೇಳುತ್ತಾನೆ. ಆಕೆಯ ಬಳಿ ಇರುವುದು ಹುಟ್ಟುಸಾವು ಬರೆದಿಟ್ಟ ಮನೆಯ ಬೈಬಲ್ ಒಂದೇ. ಆ ಹಾಳೆ ಹರಿದು ಅರ್ಜಿಗೆ ಸೇರಿಸುತ್ತಾಳೆ. ಜರ್ಮನ್ ಮನೆಗಳವರು ಗೋಡೆಯ ಮೇಲಿದ್ದ ‘ಫ್ರಾಕ್ಟೂರ್’ ಪತ್ರಗಳನ್ನೂ, ಎಂದರೆ ಹೂಬಳ್ಳಿ ಹಕ್ಕಿ ಬರೆದು ಬಣ್ಣ ಹಚ್ಚಿದ ಜನನ ಪತ್ರಗಳನ್ನೂ, ಕೊಟ್ಟಿದ್ದಾರೆ. ಅವು ಇವತ್ತಿಗೂ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ತಿರಸ್ಕೃತ ಅರ್ಜಿಗಳಂತೂ ಎಷ್ಟೋ ಸಲ ಇನ್ನೂ ದಪ್ಪ. ಇಲ್ಲವೆಂದಷ್ಟೂ ಮನೆಯವರು ಸಾಕ್ಷಿ ತಂದಿದ್ದಾರೆ: ಅಕ್ಕಪಕ್ಕದವರು, ಪಾದ್ರಿ, ನಾದಿನಿ.

‘ನಮ್ಮ ಡಾಕ್ಟರು 1818ಕ್ಕೆ ಮೊದಲೇ ತೀರಿಕೊಂಡಿದ್ದರೆ?’ ಎಂದು ಕೇಳುತ್ತೀರಿ. ಒಟ್ಟೊ ಅವರೇ ಹಾಗೆ, 1787ರಲ್ಲಿ ಹೋದರು. ಆಗ ವಿಧವೆ ಬದುಕಿದ್ದು ಪಿಂಚಣಿ ಕೇಳಿದ್ದರೆ ಆಕೆಯ ಕಡತ ನೋಡಿ, ಇಲ್ಲವಾದರೆ ವಿಲ್. ಜೊತೆಗೆ ‘ಫೌಂಡರ್ಸ್ ಆನ್‌ಲೈನ್’ ಎಂಬ ಉಚಿತ ತಾಣದಲ್ಲಿ ವಾಷಿಂಗ್ಟನ್, ಜೆಫರ್ಸನ್ ಮೊದಲಾದವರ ಪತ್ರಗಳಿವೆ. ಸಂಬಳ ಬಂದಿಲ್ಲ, ಔಷಧಿ ಇಲ್ಲ ಎಂದು ಸರ್ಜನ್‌ಗಳು ಬರೆದ ದೂರುಗಳೂ ಅಲ್ಲಿ ಸಿಗುತ್ತವೆ.

ಇನ್ನು ಕಡಲಾಚೆಯ ಊರು. 1727ರಿಂದ ಫಿಲಡೆಲ್ಫಿಯಾ ಬಂದರಿಗೆ ಇಳಿದ ಜರ್ಮನ್ ಗಂಡಸರು, ಹದಿನಾರು ದಾಟಿದವರು, ರಾಜನಿಷ್ಠೆಯ ಪ್ರಮಾಣಕ್ಕೆ ಸಹಿ ಹಾಕಬೇಕಿತ್ತು. ಆ ಪಟ್ಟಿಗಳನ್ನು ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ 1934ರಲ್ಲಿ ಮೂರು ಸಂಪುಟವಾಗಿ ಅಚ್ಚುಹಾಕಿದರು. ಎರಡನೆಯದರಲ್ಲಿ ಸಹಿಗಳ ಪಡಿಯಚ್ಚೇ ಇದೆ. ಡಾಕ್ಟರ ವಿಲ್‌ನ ಸಹಿಯನ್ನು ಅದರ ಪಕ್ಕ ಇಟ್ಟು ನೋಡಿ. ಮ್ಯೂಲರ್ ಮಿಲ್ಲರ್ ಆದರೂ, ಶ್ಮಿಟ್ ಸ್ಮಿತ್ ಆದರೂ ಕೈ ಬದಲಾಗುವುದಿಲ್ಲ. ಸ್ಕಾಟ್ಲೆಂಡ್, ಐರ್ಲೆಂಡಿನಿಂದ ಬಂದವರಿಗೆ ಇಂಥ ಪಟ್ಟಿಯ ಭಾಗ್ಯವಿಲ್ಲ. ಅವರು ಬ್ರಿಟಿಷ್ ಪ್ರಜೆಗಳೇ ಆಗಿದ್ದರಲ್ಲ, ಬಂದಿಳಿದಾಗ ಯಾರು ಬರೆದುಕೊಳ್ಳಬೇಕು? ಅವರ ಊರು ಸಿಗುವುದು ಪಿಂಚಣಿ ಹೇಳಿಕೆಯಲ್ಲೋ ಗೋರಿಕಲ್ಲಿನ ಮೇಲೋ.

ಡಾಕ್ಟರು ಬಂದ ವರ್ಷವನ್ನು ಗಟ್ಟಿಮಾಡಿಕೊಳ್ಳಿ, ಇದರಲ್ಲಿ ಒಂದು ಉರುಳಿದೆ. ಬ್ರಿಟಿಷರು ಹೆಸ್ಸೆ ಮುಂತಾದ ಜರ್ಮನ್ ಸಂಸ್ಥಾನಗಳಿಂದ ಸುಮಾರು 30,000 ಸೈನಿಕರನ್ನು ಬಾಡಿಗೆಗೆ ತಂದಿದ್ದರು. ಅವರ ಜೊತೆ ‘ಫೆಲ್ಟ್‌ಷೇರರ್’ ಎಂಬ ದಂಡಿನ ವೈದ್ಯರೂ ಬಂದರು. ಯುದ್ಧ ಮುಗಿದ ಮೇಲೆ ಸಾವಿರಾರು ಜನ ಅಲ್ಲೇ ಉಳಿದು ಮದುವೆಯಾಗಿ ನೆಲೆ ನಿಂತರು. 1776ರ ನಂತರ ಬಂದ ಜರ್ಮನ್ ಡಾಕ್ಟರೆಂದರೆ ಎದುರು ಪಾಳೆಯದವರಿರಬಹುದು. ಮೂರನೇ ತಲೆಮಾರಿನ ಬಾಯಲ್ಲಿ ಪಾಳೆಯ ಅದಲುಬದಲಾಗುವುದು ದೊಡ್ಡ ವಿಷಯವಲ್ಲ. ಅಂಥವರಿಗೆ ಹೆಸ್ಸೆಯ ಸೈನಿಕರ ಸೂಚಿ ‘ಹೆಟ್ರಿನಾ’ ಉಚಿತವಾಗಿ ಸಿಗುತ್ತದೆ. ಬೇಸರಪಡಬೇಕಾದ್ದೂ ಇಲ್ಲ: ಆ ಪಟ್ಟಿಗಳಲ್ಲಿ ಹುಟ್ಟಿದ ಊರನ್ನು ಎಷ್ಟೋ ಸಲ ಬರೆದಿರುತ್ತಾರೆ.

ಖರ್ಚು ಎಷ್ಟು? ಬುದ್ಧಿವಂತಿಕೆಯಿಂದ ಮಾಡಿದರೆ ಬಹುಪಾಲು ಸೊನ್ನೆ. ಪಿಂಚಣಿ ಕಡತಗಳ ಚಿತ್ರಗಳು ನ್ಯಾಷನಲ್ ಆರ್ಕೈವ್ಸ್‌ನ ಕ್ಯಾಟಲಾಗಿನಲ್ಲಿಯೇ ಇವೆ. ಹಳೆಯ ಕೈಬರಹವನ್ನು ಸ್ವಯಂಸೇವಕರು ಅಕ್ಷರಕ್ಕಿಳಿಸುತ್ತಿದ್ದಾರೆ, ಬೇಕಾದರೆ ಬೆಂಗಳೂರಿನಲ್ಲಿ ಕೂತು ನೀವೂ ಸೇರಬಹುದು. ‘ಫ್ಯಾಮಿಲಿ ಸರ್ಚ್’ ತಾಣ ಉಚಿತ, ಖಾತೆ ತೆರೆದರೆ ಸಾಕು. ‘ಫೋಲ್ಡ್‌ ತ್ರೀ’, ‘ಆನ್ಸೆಸ್ಟ್ರಿ’ಗಳಿಗೆ ಚಂದಾ ಉಂಟು, ಆದರೆ ಅಮೆರಿಕದ ಊರ ಗ್ರಂಥಾಲಯಗಳಲ್ಲಿ ಅನೇಕ ಕಡೆ ಪುಕ್ಕಟೆ ನೋಡಲು ಬಿಡುತ್ತಾರೆ. ಮೊದಲು ಲೈಬ್ರರಿ ಕಾರ್ಡು ಕೈಯಲ್ಲಿರಲಿ. ದುಡ್ಡು ಬಿಚ್ಚಬೇಕಾದದ್ದು ಜರ್ಮನಿ ಮುಟ್ಟಿದ ಮೇಲೆ. ಪ್ರಾಟೆಸ್ಟಂಟ್ ಚರ್ಚಿನ ಪುಸ್ತಕಗಳಿರುವ ‘ಆರ್ಕಿಯೋನ್’ ಚಂದಾ ಕೇಳುತ್ತದೆ. ಹೆಚ್ಚಾಗಿ ಕ್ಯಾಥೊಲಿಕ್ ಪುಸ್ತಕಗಳಿರುವ ‘ಮ್ಯಾಟ್ರಿಕುಲಾ’ ಉಚಿತ. ಊರಿನ ಹೆಸರು ಖಚಿತವಾಗದೆ ಚಂದಾ ಕಟ್ಟಬೇಡಿ, ಊರಿಲ್ಲದೆ ಚರ್ಚಿನ ಪುಸ್ತಕ ತೆರೆದು ಫಲವಿಲ್ಲ. ಬರಹ ‘ಕುರೆಂಟ್’ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿರುತ್ತದೆ. ಮೋಡಿ ಲಿಪಿಯ ದಫ್ತರ ಎದುರಿಗಿಟ್ಟರೆ ನಮ್ಮ ಹುಡುಗರಿಗೆ ಹೇಗೋ, ಇಂದಿನ ಜರ್ಮನ್ನರಿಗೂ ಅದು ಹಾಗೆ.

1890ರಲ್ಲಿ ಹುಟ್ಟಿದ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಮಹಿಳಾ ಸಂಘದ ವಂಶಾವಳಿ ಸೂಚಿಯನ್ನೂ ನೋಡಿ, ಹುಡುಕಾಟಕ್ಕೆ ಕಾಸಿಲ್ಲ. ಹಿಂದೆ ಯಾರಾದರೂ ಇದೇ ಡಾಕ್ಟರ ಹೆಸರಿನಲ್ಲಿ ಸದಸ್ಯರಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಆದರೆ ಹಳೆಯ ಅರ್ಜಿಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಅಂದಿನ ತಪಾಸಣೆ ಇಂದಿನಷ್ಟು ಬಿಗಿ ಇರಲಿಲ್ಲ.

ನಮ್ಮ ಹುಡುಕಾಟ ಇನ್ನೂ ಮುಗಿದಿಲ್ಲ. ಡಾಕ್ಟರು ಸರ್ಜನ್ ಅಲ್ಲ, ಮೇಟ್ ಎಂದು ತಿಳಿದಿದೆ. ವಿಧವೆಯ ಕಡತದಲ್ಲಿ ಮಕ್ಕಳ ಹೆಸರು ಸಿಕ್ಕಿ ಕೊಂಡಿ ಕೂಡಿದೆ. ಜರ್ಮನಿಯ ಊರಿನ ಹೆಸರನ್ನು ಮಾತ್ರ ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಮೂರು ಕಡೆ ಮೂರು ಥರ ಬರೆದಿದ್ದಾನೆ. ಮೊಮ್ಮಗ ವಂಶವೃಕ್ಷದ ಆ ಚೌಕದಲ್ಲಿ ಮೂರನ್ನೂ ಪೆನ್ಸಿಲ್‌ನಲ್ಲಿ ಬರೆದು ಶಾಲೆಗೆ ಒಯ್ದ.