ಗುಳೆ ಹೋದವರ ದುಡಿಮೆ ಎಲ್ಲಿ ಕರಗುತ್ತದೆ?

ಪ್ರಶ್ನೆ: ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರು ಊರಿಗಿಂತ ಹೆಚ್ಚು ಕೂಲಿ ಪಡೆದರೂ ಕೈಯಲ್ಲಿ ಹಣ ಉಳಿಯುವುದಿಲ್ಲವೇಕೆ?

ಉತ್ತರ: ಬಹಳ ಮಂದಿಯ ಕೂಲಿ ಬಸ್ಸು ಹತ್ತುವ ಮೊದಲೇ ಖರ್ಚಾಗಿರುತ್ತದೆ. ಮಳೆ ಕೈಕೊಟ್ಟು ಮೆಕ್ಕೆಜೋಳ, ಶೇಂಗಾ ಒಣಗಿದ ವರ್ಷ ಮೇಸ್ತ್ರಿಯಿಂದ ಮುಂಗಡ ಪಡೆಯುತ್ತಾರೆ. ಆಮೇಲಿನ ದುಡಿಮೆ ಅದನ್ನು ತೀರಿಸುವುದಕ್ಕೇ. ಊರಲ್ಲಿ ಪುಕ್ಕಟೆ ಸಿಗುವ ಸೌದೆ, ನೀರು, ಸೂರು ನಗರದಲ್ಲಿ ದುಡ್ಡಿಗೆ. ತಗಡಿನ ಶೆಡ್ಡಿಗೂ ಬಾಡಿಗೆ ಕೊಡಬೇಕಾದೀತು. ದೊಡ್ಡ ನಷ್ಟ ಮಕ್ಕಳದು. ಶಾಲೆಯ ವರ್ಷ ಜೂನ್‌ನಿಂದ, ಗುಳೆ ಸುಗ್ಗಿಯ ನಂತರ. ನಡುವೆ ಬಿಟ್ಟ ಮಗು ಮತ್ತೆ ತರಗತಿಗೆ ಹೊಂದಿಕೊಳ್ಳುವುದು ಕಷ್ಟ. ತಾಂಡಾಗಳಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

ಕೆರಿಬಿಯನ್ ದ್ವೀಪ ಜಮೈಕಾದ ಕಿಂಗ್‌ಸ್ಟನ್ನಿಗೂ ಹಳ್ಳಿಯವರು ಹೀಗೇ ಬಂದು ಪಶ್ಚಿಮದ ಕೊಳೆಗೇರಿಗಳಲ್ಲಿ ನೆಲೆಸಿದರು. ನಗರಕ್ಕೆ ಅವರ ದುಡಿಮೆ ಬೇಕಿತ್ತು, ವಸತಿಯ ಹೊಣೆ ಬೇಕಿರಲಿಲ್ಲ. ಬೆಂಗಳೂರು ಮಾಡುತ್ತಿರುವುದೂ ಅದೇ ಅನ್ಯಾಯ.

ಗುಳೆ ಹೋಗಿ ಕಟ್ಟಡ ಕೆಲಸ ಮಾಡುವವರಿಗೆ ಒಂದು ಆಸರೆಯಿದೆ: ಕಾನೂನಿನಂತೆ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ನಿಮ್ಮೂರಿನವರಿಗೆ ಇದನ್ನು ತಪ್ಪದೆ ತಿಳಿಸಿ.